ತಾಳವಾದ್ಯ ಶಾಲೆಯೊಂದರ ಜಾಝ್-ರಾಕ್ ಸಂಬಂಧಗಳು: ಒಂದು ಚಾರಿತ್ರಿಕ ವಿವೇಚನೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಿಂದ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಿಗೆ ‘ಬ್ಯಾಂಡು’ ಎಂಬ ಶಬ್ದ ಅಪರಿಚಿತವಾದುದಲ್ಲ. ಮದುವೆಯ ಮೆರವಣಿಗೆಯ ಮುಂದೆ ಕ್ಲಾರಿಯೊನೆಟ್, ತುತ್ತೂರಿ, ಡ್ರಮ್ಮುಗಳೊಡನೆ ಸಾಗುವ ಬ್ಯಾಂಡ್ ಸೆಟ್ಟಿನವರನ್ನು ಅವರೆಲ್ಲರೂ ಬಲ್ಲರು. ಒಮ್ಮೆ ಪಾಠದ ನಡುವೆ, ನಿಮ್ಮೂರಿನ ಮೇಳದಲ್ಲಿ ಯಾರಾರಿದ್ದಾರೆ, ಅವರು ಯಾರಿಂದ ಕಲಿತರು, ಮೊದಲು ಯಾರಿದ್ದರು ಎಂದು ಕೇಳಿದೆನು. ಒಬ್ಬರೂ ಉತ್ತರಿಸಲಾರದೆ ಹೋದರು. ಊರಿನ ಪಾಳೆಯಗಾರರ ವಂಶಾವಳಿಯನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲ ಹುಡುಗರು ಇವರೇ ಎಂಬುದನ್ನು ನೆನೆದಾಗ ನನಗೆ ಸ್ವಲ್ಪ ವ್ಯಥೆಯಾಯಿತು. ಆದರೆ ದೋಷ ಅವರದಲ್ಲ. ಯೂರೋಪಿನ ವೇದಿಕೆಗಳಲ್ಲಿ ದಶಕಗಳ ಕಾಲ ಹೆಸರಾಗಿದ್ದ ಬೆಂಗಳೂರಿನ ಸಂಗೀತಗಾರರ ಮೇಳವೊಂದರ ಚರಿತ್ರೆಯನ್ನೇ ನಾವು, ಅಧ್ಯಾಪಕರು, ನಮ್ಮ ಇತಿಹಾಸದ ಪುಟಗಳಿಗೆ ಸೇರಿಸಿಕೊಂಡಿಲ್ಲ. ಆ ಮೇಳದ ಸದಸ್ಯರು ಯಾರು, ಅವರನ್ನು ಚರಿತ್ರೆಯಲ್ಲಿ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಜಾಝ್-ರಾಕ್ ಎಂದರೆ ಅಮೆರಿಕದ ಕಪ್ಪು ಜನಾಂಗದವರಲ್ಲಿ ಹುಟ್ಟಿ ಬೆಳೆದ ಜಾಝ್ ಸಂಗೀತದ ಮನೋಧರ್ಮವನ್ನು, ವಿದ್ಯುತ್ ಗಿಟಾರು ಮತ್ತು ಬಲವಾದ ಡ್ರಮ್ಮಿನ ನಡೆಯುಳ್ಳ ರಾಕ್ ಸಂಗೀತದೊಡನೆ ಬೆಸೆದ ಪದ್ಧತಿ. ಮೈಲ್ಸ್ ಡೇವಿಸರು 1969ರಲ್ಲಿ ಮುದ್ರಿಸಿ 1970ರಲ್ಲಿ ಹೊರತಂದ ‘ಬಿಚಸ್ ಬ್ರೂ’ ಈ ಪದ್ಧತಿಗೆ ದಾರಿ ತೆರೆಯಿತೆಂದು ಸಾಮಾನ್ಯವಾಗಿ ಹೇಳುವರು. ಅವರೊಡನೆ ನುಡಿಸಿದ್ದ ಜಾನ್ ಮೆಕ್‌ಲಾಫ್ಲಿನ್ 1971ರಲ್ಲಿ ‘ಮಹಾವಿಷ್ಣು ಆರ್ಕೆಸ್ಟ್ರಾ’ವನ್ನೂ, ಮುಂದೆ ಎಲ್. ಶಂಕರ್, ಝಾಕಿರ್ ಹುಸೇನ್, ಟಿ. ಎಚ್. ವಿನಾಯಕರಾಂ ಮುಂತಾದವರೊಡನೆ ‘ಶಕ್ತಿ’ಯನ್ನೂ ಕಟ್ಟಿದರು. ಪಶ್ಚಿಮದ ಒಬ್ಬ ಪ್ರತಿಭಾಶಾಲಿ ಪೂರ್ವಕ್ಕೆ ತಿರುಗಿದನು, ಪೂರ್ವದವರು ಅವನ ಸುತ್ತ ಕುಳಿತರು: ಇದು ಪುಸ್ತಕಗಳಲ್ಲಿ ನಾವು ಓದುವ ಕಥೆಯ ರೂಪ. ಬೆಂಗಳೂರಿನ ಕಥೆ ಈ ಅಚ್ಚಿಗೆ ಒಗ್ಗುವುದಿಲ್ಲ.

ಮೃದಂಗ ವಿದ್ವಾಂಸರಾದ ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಎಂಬ ಶಾಲೆಯನ್ನು ಸ್ಥಾಪಿಸಿದರು. ಇದು ತಾಳವಾದ್ಯಗಳಿಗೇ ಮೀಸಲಾದ ಶಾಲೆ. ಇಸವಿಯನ್ನು ಗಮನಿಸಬೇಕು. ‘ಬಿಚಸ್ ಬ್ರೂ’ಗಿಂತ ಆರು ವರ್ಷ ಹಿಂದಿನ ಮಾತು ಇದು, ವಿದೇಶಿಯರ ಕುತೂಹಲವನ್ನು ತಣಿಸಲೆಂದು ಹುಟ್ಟಿದ ಸಂಸ್ಥೆಯಲ್ಲ. ಕಚೇರಿಯ ಪದ್ಧತಿಯಲ್ಲಿ ಗಾಯಕರು ಪ್ರಧಾನರು. ಮೃದಂಗವು ಪಕ್ಕವಾದ್ಯ, ಘಟ-ಖಂಜರಿಗಳು ಉಪಪಕ್ಕವಾದ್ಯಗಳು. ತನಿ ಆವರ್ತನದ ಕೆಲವು ನಿಮಿಷಗಳಷ್ಟೇ ಅವರ ಸ್ವಂತದ್ದು, ಆಗಲೂ ಸಭಿಕರಲ್ಲಿ ಕೆಲವರು ಕಾಫಿಗೆ ಎದ್ದು ಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ತಾಳವಾದ್ಯ ಕಚೇರಿಯಲ್ಲಾದರೋ ಈ ಕ್ರಮ ತಲೆಕೆಳಗಾಗಿ ಲಯವೇ ಪ್ರಧಾನವಾಗುವುದು. ಮಣಿಯವರ ಶಾಲೆಯು ಲಯಕ್ಕೆ ಇಂತಹ ಸ್ವತಂತ್ರ ಸ್ಥಾನವನ್ನು ಕೊಟ್ಟು, ಅದನ್ನು ಕಲಿಸಬಹುದಾದ, ಪ್ರದರ್ಶಿಸಬಹುದಾದ ವಿದ್ಯೆಯಾಗಿ ಮುಂದಿಟ್ಟಿತು. ಅವರ ಪತ್ನಿ ಆರ್. ಎ. ರಮಾಮಣಿಯವರು ಗಾಯಕಿ ಮಾತ್ರವಲ್ಲ, ರಚನಕಾರರೂ ಹೌದು. ಈ ಎರಡನೆಯ ಮಾತನ್ನು ಮುಂದೆ ನೆನಪಿನಲ್ಲಿಡಬೇಕು.

ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕ್ರಿಸ್ಟಿಯಾನ್ ಬುರ್ಖಾರ್ಡ್ ಎಂಬ ಡ್ರಮ್ ಮತ್ತು ವೈಬ್ರಾಫೋನ್ ವಾದಕರು 1969ರಲ್ಲಿ ‘ಎಂಬ್ರಿಯೊ’ ಎಂಬ ಮೇಳವನ್ನು ಕಟ್ಟಿದರು. ಆ ದೇಶದ ಜಾಝ್-ರಾಕ್ ಮೇಳಗಳಲ್ಲಿ ಇದು ಮುಖ್ಯವಾದುದು. 1978ರಲ್ಲಿ ಈ ಮೇಳದವರು ವಾದ್ಯಗಳನ್ನು ಬಸ್ಸುಗಳಿಗೆ ಏರಿಸಿಕೊಂಡು, ನೆಲದ ಮಾರ್ಗವಾಗಿಯೇ ಭಾರತಕ್ಕೆ ಹೊರಟರು. ಇರಾನು, ಅಫಘಾನಿಸ್ತಾನಗಳನ್ನು ದಾಟಿ ಬಂದ ಈ ಪ್ರಯಾಣವನ್ನು ವರ್ನರ್ ಪೆಂಟ್ಸೆಲ್ ಎಂಬವರು ಚಲನಚಿತ್ರವಾಗಿ ಉಳಿಸಿದ್ದಾರೆ. ಆ ಹಾದಿ ಬಹುಬೇಗ ಮುಚ್ಚಿಹೋಯಿತು. 1979ರಲ್ಲಿ ಇರಾನಿನ ಕ್ರಾಂತಿಯೂ, ಆ ವರ್ಷದ ಕೊನೆಯಲ್ಲಿ ಸೋವಿಯತ್ ಸೇನೆಯ ಅಫಘಾನಿಸ್ತಾನ ಪ್ರವೇಶವೂ ನಡೆದುವು. ಇತಿಹಾಸದ ವಿದ್ಯಾರ್ಥಿಗೆ ಇದು ಅಲ್ಪ ಸಂಗತಿಯಲ್ಲ: ಒಂದು ವರ್ಷ ತಡವಾಗಿ ಹೊರಟಿದ್ದರೆ ಈ ಬಸ್ಸುಗಳು ಭಾರತವನ್ನು ತಲುಪುತ್ತಿದ್ದುವೆಂದು ಹೇಳಲಾಗದು. ಈ ಪ್ರಯಾಣದ ಬೆನ್ನಿಗೆ, 1980ರಲ್ಲಿ, ಎಂಬ್ರಿಯೊ ಮತ್ತು ಬೆಂಗಳೂರಿನ ಶಾಲೆ ಕೂಡಿ ನುಡಿಸಿದ ‘ಲೈಫ್’ ಎಂಬ ಗ್ರಾಮಫೋನು ತಟ್ಟೆ ಹೊರಬಂದಿತು.

ಆ ತಟ್ಟೆಯಲ್ಲಿದ್ದ ಮೂರನೆಯ ಪಾಲುಗಾರರು ಚಾರ್ಲಿ ಮೇರಿಯಾನೊ. ಬಾಸ್ಟನ್ ನಗರದಲ್ಲಿ 1923ರಲ್ಲಿ ಹುಟ್ಟಿದ ಈ ಸ್ಯಾಕ್ಸೊಫೋನ್ ವಾದಕರು ಚಾರ್ಲ್ಸ್ ಮಿಂಗಸರಂತಹ ಹಿರಿಯರೊಡನೆ ನುಡಿಸಿ ಹೆಸರು ಮಾಡಿದ ಮೇಲೆ, ನಡುವಯಸ್ಸಿನಲ್ಲಿ ತಮಿಳುನಾಡಿಗೆ ಬಂದು ಶಿಷ್ಯರಾಗಿ ಕುಳಿತು ನಾಗಸ್ವರವನ್ನು ಅಭ್ಯಸಿಸಿದರು. ಇಲ್ಲಿ ಒಂದು ಮಾತನ್ನು ಸೇರಿಸದೆ ಇರಲಾರೆ. ಇದೇ ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡದಲ್ಲಿ ನಾಗಸ್ವರ ವಾದಕರ ಮಗನೊಬ್ಬನು, ಬಾಲ್ಯದಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತು, ಅದನ್ನೇ ಕರ್ನಾಟಕ ಸಂಗೀತಕ್ಕೆ ಪಳಗಿಸುತ್ತಿದ್ದನು. ಕದ್ರಿ ಗೋಪಾಲನಾಥರು (1949-2019) 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಜಾನ್ ಹ್ಯಾಂಡಿಯವರೊಡನೆ ನುಡಿಸಿದರು. ಒಬ್ಬರು ಸ್ಯಾಕ್ಸೊಫೋನಿನಿಂದ ನಾಗಸ್ವರದ ಕಡೆಗೆ, ಇನ್ನೊಬ್ಬರು ನಾಗಸ್ವರದಿಂದ ಸ್ಯಾಕ್ಸೊಫೋನಿನ ಕಡೆಗೆ ನಡೆದರು.

ಮೇರಿಯಾನೊ ಮತ್ತು ಶಾಲೆಯ ಕೂಟದ ಫಲಗಳಲ್ಲಿ ‘ಜ್ಯೋತಿ’ (1983) ಅತ್ಯಂತ ಪ್ರಸಿದ್ಧವಾದುದು. ಜರ್ಮನಿಯ ಇ.ಸಿ.ಎಂ. ಸಂಸ್ಥೆ ಅದನ್ನು ಹೊರತಂದಿತು. ರಮಾಮಣಿಯವರ ಗಾಯನ ಮತ್ತು ತಂಬೂರಿ, ಮಣಿಯವರ ಮೃದಂಗ, ಆರ್. ಎ. ರಾಜಗೋಪಾಲರ ಘಟ ಮತ್ತು ಮೋರ್ಸಿಂಗ್, ಟಿ. ಎನ್. ಶಶಿಕುಮಾರರ ಖಂಜರಿ, ಇವುಗಳ ಜೊತೆಗೆ ಕೊನ್ನಕೋಲು, ಮೇರಿಯಾನೊ ಅವರ ಸ್ಯಾಕ್ಸೊಫೋನ್ ಮತ್ತು ಕೊಳಲು. ‘ವರ್ಷಿಣಿ’, ‘ಸಪ್ತರ್ಷಿ’, ‘ಕಾರ್ತಿಕ್’ ಎಂಬ ಶೀರ್ಷಿಕೆಗಳನ್ನು ನೋಡಿದರೇ ಯಾವ ನೆಲದ ಮಾತೆಂದು ತಿಳಿಯುವುದು. ಆದರೂ ಪಶ್ಚಿಮದ ಅಂಗಡಿಗಳಲ್ಲಿ ಈ ತಟ್ಟೆ ಇರುವುದು ಮೇರಿಯಾನೊ ಅವರ ಹೆಸರಿನ ಸಾಲಿನಲ್ಲಿ. ಅವರದೇ ಮೊದಲ ಹೆಸರು, ಶಾಲೆಯದು ಎರಡನೆಯದು. ಶಾಸನಗಳನ್ನು ಓದುವ ನಮಗೆ ಇದು ಹೊಸದಲ್ಲ. ದಾನಿಯ ಹೆಸರು ಮೊದಲು, ದೇವಾಲಯವನ್ನು ಕಡೆದವನ ಹೆಸರು ಬಹುಪಾಲು ಇಲ್ಲವೇ ಇಲ್ಲ. ಮಲ್ಲಿತಮ್ಮನಂತಹ ಹೊಯ್ಸಳ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ಹೆಸರು ಕೊರೆಯದಿದ್ದರೆ ಅವರ ಕೈಯನ್ನು ನಾವು ಗುರುತಿಸುತ್ತಿದ್ದೆವೆ? ತಟ್ಟೆಯ ಹೊದಿಕೆಯ ಹಿಂಬದಿಯ ಸಣ್ಣ ಅಕ್ಷರಗಳು ಈ ಕಾಲದ ಪೀಠಶಾಸನಗಳು, ಅವುಗಳನ್ನೂ ಓದಬೇಕು.

ಈ ಸಂಗೀತದಲ್ಲಿ ಬೆಂಗಳೂರಿನವರ ಪಾಲು ಅಲಂಕಾರ ಮಾತ್ರವೆ, ಅಥವಾ ಕಟ್ಟಡವೆ? ಒಂದು ಲೆಕ್ಕವನ್ನು ನೋಡೋಣ. ರಾಕ್ ಸಂಗೀತದ ನಡೆ ಸಾಮಾನ್ಯವಾಗಿ ನಾಲ್ಕು ಎಣಿಕೆಯದು. ನಮ್ಮ ಆದಿತಾಳವೂ ನಾಲ್ಕು, ಎರಡು, ಎರಡು ಸೇರಿ ಎಂಟು ಅಕ್ಷರ. ಚತುರಶ್ರ ನಡೆಯಲ್ಲಿ ಮೂವತ್ತೆರಡು ಮಾತ್ರೆ. ಏಳು ಮಾತ್ರೆಯ ಒಂದು ಜತಿಯನ್ನು ಮೂರು ಸಲ ನುಡಿಸಿ, ನಡುವೆ ಎರಡೆರಡು ಮಾತ್ರೆ ಬಿಟ್ಟರೆ ಒಟ್ಟು ಇಪ್ಪತ್ತೈದಾಗುವುದು. ಆದುದರಿಂದ ಆವರ್ತದ ಮೊದಲ ಏಳು ಮಾತ್ರೆಗಳನ್ನು ಬಿಟ್ಟು ಎಂಟನೆಯದರಲ್ಲಿ ಎತ್ತಿಕೊಂಡರೆ ಎಲ್ಲರೂ ಸರಿಯಾಗಿ ಸಮಕ್ಕೆ ಬಂದಿಳಿಯುವರು. ಡ್ರಮ್ಮು ನಾಲ್ಕನ್ನು ಬಿಡದೆ ಹಿಡಿದಿರಲಿ, ಗಿಟಾರು ತನ್ನ ಪಾಡಿಗೆ ಇರಲಿ. ಏಳರ ಜತಿ ಅವುಗಳ ಮೇಲೆ ಓರೆಯಾಗಿ ಹಾದು ಒಂದೇ ಕಡೆ ಕೂಡುತ್ತದೆ. ಇದನ್ನು ಬರೆದಿಡಬೇಕಾಗಿಲ್ಲ; ಕೊನ್ನಕೋಲಿನಲ್ಲಿ ಬಾಯಿಂದ ಹೇಳಿ, ಕೈಯಲ್ಲಿ ತಾಳ ಹಾಕಿ, ಭಾಷೆ ತಿಳಿಯದ ಜರ್ಮನ್ ವಾದಕನಿಗೂ ಕಲಿಸಬಹುದು. ಎರಡು ಬಗೆಯ ವಾದಕರು ಒಂದೆಡೆ ನಿಲ್ಲಲು ಸಾಧ್ಯವಾದುದು ಇಂತಹ ಲೆಕ್ಕದಿಂದ. ಅದನ್ನು ಬಲ್ಲವರನ್ನು ‘ಅತಿಥಿ ಕಲಾವಿದರು’ ಎಂದು ಕರೆಯುವುದು ನ್ಯಾಯವಲ್ಲ.

ಸದಸ್ಯತ್ವದ ಪ್ರಶ್ನೆಗೆ ಬರೋಣ. 1981ರಲ್ಲಿ ಎಂಬ್ರಿಯೊದಿಂದ ಕೆಲವರು ಒಡೆದು ಹೊರಬಂದು ‘ಡಿಸ್ಸಿಡೆಂಟನ್’ ಎಂಬ ಮೇಳವನ್ನು ಕಟ್ಟಿದರು. ಅವರ ಮೊದಲ ತಟ್ಟೆಯಾದ ‘ಜರ್ಮನಿಸ್ತಾನ್’ (1982) ಸಿದ್ಧವಾದುದು ಯಾರೊಡನೆ? ಇದೇ ಬೆಂಗಳೂರಿನ ಶಾಲೆಯೊಡನೆ. ಮರುವರ್ಷವೇ ಮೇರಿಯಾನೊ ಅವರ ‘ಜ್ಯೋತಿ’. ಮೂರು ಮೇಳಗಳು, ಮೂರು ಚರಿತ್ರೆಗಳು. ಮೂರರಲ್ಲಿಯೂ ನಮ್ಮವರು ಉಪಕಥೆಯಾಗಿ ಬಂದು ಹೋಗುವರು. ಎಲ್ಲಕ್ಕೂ ಸಾಮಾನ್ಯವಾಗಿ ಉಳಿದ ಬೆಂಗಳೂರನ್ನು ನಡುವೆ ಇಟ್ಟು ನೋಡಿದರೆ ಚಿತ್ರವೇ ಬೇರೆ. ಪಶ್ಚಿಮದ ಮೇಳಕ್ಕೆ ಹುಟ್ಟು, ಬಿರುಕು, ವಿಸರ್ಜನೆಗಳುಂಟು. ಶಾಲೆಗೆ ಇರುವುದು ಶಿಷ್ಯಪರಂಪರೆ. ‘ಹ್ಯೂಮನ್ ಬಾಂಡೇಜ್’ ಎಂಬ ರಾಕ್ ಮೇಳದಲ್ಲಿ ಡ್ರಮ್ ಬಾರಿಸುತ್ತಿದ್ದ ಮದರಾಸಿನ ರಮೇಶ್ ಶೋತಂ ಈ ಶಾಲೆಗೆ ಬಂದು ತವಿಲ್ ಕಲಿತು, ಮುಂದೆ ಜರ್ಮನಿಯಲ್ಲಿ ನೆಲಸಿ ಜಾಝ್ ವಾದಕರಾದರು. ಇಲ್ಲಿ ಯಾರು ಯಾರನ್ನು ಸೇರಿದರು ಎಂದು ಹೇಳುವುದು ಸುಲಭವಲ್ಲ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಮರೆಮಾಚಬಾರದು. ಈ ಕೂಟಗಳೆಲ್ಲವೂ ಸಮಾನವಾಗಿ ಸಫಲವಾದುವೆಂದು ನನಗೆ ತೋರುವುದಿಲ್ಲ. ಡ್ರಮ್ಮು ಮತ್ತು ವಿದ್ಯುತ್ ವಾದ್ಯಗಳು ಮುನ್ನುಗ್ಗಿದ ಕಡೆಗಳಲ್ಲಿ ಮೃದಂಗದ ಎಡಭಾಗದ ಮೆತ್ತನೆಯ ನಾದ ಅಡಗಿಹೋಗುವುದು. ‘ಜ್ಯೋತಿ’ ಅಷ್ಟು ಸ್ವಚ್ಛವಾಗಿ ಕೇಳುವುದಕ್ಕೆ ಅದರಲ್ಲಿ ಡ್ರಮ್ಮು, ಗಿಟಾರುಗಳಿಲ್ಲದಿರುವುದೇ ಕಾರಣ. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ಜಾಝ್-ರಾಕ್ ಅಲ್ಲವೆಂದೇ ಹೇಳಬೇಕಾಗುವುದು. ಇದು ಕಲಬೆರಕೆಯೆಂದು ಮುಖ ತಿರುಗಿಸುವ ವಿದ್ವಾಂಸರೂ ಉಂಟು. ಅವರ ರುಚಿಯನ್ನು ಗೌರವಿಸೋಣ; ಆದರೆ ನಮಗೆ ಒಪ್ಪಿಗೆಯಾಗದ ರಾಜನ ಆಳ್ವಿಕೆಯನ್ನೂ ನಾವು ಬರೆಯುತ್ತೇವಷ್ಟೆ.

ಮೇರಿಯಾನೊ 2009ರಲ್ಲಿ, ಬುರ್ಖಾರ್ಡ್ 2018ರಲ್ಲಿ, ಮಣಿಯವರು 2020ರಲ್ಲಿ ತೀರಿಕೊಂಡರು. ಉಳಿದವರ ನೆನಪುಗಳನ್ನು, ತಟ್ಟೆಗಳ ಹೊದಿಕೆಗಳನ್ನು, ಕಚೇರಿಗಳ ಕರಪತ್ರಗಳನ್ನು ಒಂದೆಡೆ ಕೂಡಿಸುವ ಕೆಲಸವನ್ನು ಯಾವುದಾದರೂ ಇತಿಹಾಸ ವಿಭಾಗ ಕೈಗೆತ್ತಿಕೊಳ್ಳಬೇಕು. ನನ್ನ ಮಟ್ಟಿಗೆ ಸಣ್ಣದೊಂದು ಆರಂಭವನ್ನು ಮಾಡಿದ್ದೇನೆ. ಈ ವರ್ಷ ನಾಲ್ಕೂ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ತಮ್ಮೂರಿನ ಬ್ಯಾಂಡ್ ಸೆಟ್ಟು, ಡೊಳ್ಳಿನ ಮೇಳ, ಭಜನಾ ಮಂಡಳಿಗಳಲ್ಲಿ ಯಾವುದಾದರೊಂದರ ಸದಸ್ಯರ ಹೆಸರು, ವಾದ್ಯ, ಗುರು ಇಷ್ಟನ್ನು ಬರೆದು ತರಲು ಹೇಳಿದೆನು. ಜಗಳೂರಿನ ಕಡೆಯ ಹುಡುಗನೊಬ್ಬನು ಹನ್ನೊಂದು ಹೆಸರುಗಳ ಪಟ್ಟಿಯನ್ನು ತಂದುಕೊಟ್ಟನು. ಏಳು ಮಂದಿಯ ಮುಂದೆ ವಾದ್ಯದ ಹೆಸರಿತ್ತು, ಗುರುವಿನ ಹೆಸರೂ ಇತ್ತು. ಉಳಿದ ನಾಲ್ವರ ಮುಂದೆ ‘ತಾಳ ಹಾಕುವವರು’ ಎಂದಷ್ಟೇ ಬರೆದಿದ್ದನು. ಅವನನ್ನು ಮತ್ತೆ ಊರಿಗೆ ಕಳುಹಿಸಿದ್ದೇನೆ.