ತಿಪ್ಪೆ, ಕಂದಕ, ಕಾಂಪೋಸ್ಟ್: ವಿಜಯಪುರದ ಕಸ ಹೊಲದ ದಾರಿ ತಪ್ಪಿದ ಕಥೆ

ನಮ್ಮ ಭಾಗದ ಹಳ್ಳಿಗಳಲ್ಲಿ ದೀಪಾವಳಿಯ ಸಂಜೆ ತಿಪ್ಪೆಗೂ ಒಂದು ದೀಪ ಇಡುತ್ತಾರೆ. ಸೆಗಣಿಯಲ್ಲಿ ಪಾಂಡವರನ್ನು ಮಾಡಿ ಮನೆ ಬಾಗಿಲಲ್ಲಿ ಕೂಡಿಸಿದ ಮೇಲೆ, ಅಗಸಿ ಹೊರಗಿನ ಕಸದ ಗುಡ್ಡೆಗೂ ಅರಿಶಿನ ಕುಂಕುಮ ಸಲ್ಲುತ್ತದೆ. ತಿಪ್ಪೆ ಎಂದರೆ ಹೊಲದ ಬಂಡವಾಳ ಎಂಬ ಲೆಕ್ಕ ಇದರ ಹಿಂದಿದೆ. ವರ್ಷವಿಡೀ ದನದ ಕೊಟ್ಟಿಗೆಯ ಕಸ, ಒಲೆಯ ಬೂದಿ, ದನ ತಿಂದು ಬಿಟ್ಟ ಕಣಿಕೆ, ಮನೆಯ ಗುಡಿಸಿದ ಕಸ ಎಲ್ಲ ಅಲ್ಲಿ ಕೂಡುತ್ತಿತ್ತು. ಬೇಸಿಗೆಯಲ್ಲಿ ಚಕ್ಕಡಿ ಹೂಡಿ ಗೊಬ್ಬರ ಹೇರುತ್ತಿದ್ದರು. ಮುಂಗಾರು ಬೀಳುವ ಹೊತ್ತಿಗೆ ತಿಪ್ಪೆಯ ಜಾಗ ಬರಿದಾಗುತ್ತಿತ್ತು.

ವಿಜಯಪುರ ನಗರದ ಕಸವನ್ನು ಏನು ಮಾಡಬೇಕು ಎಂಬ ಚರ್ಚೆ ಈಗ ವಾರ್ಡ್ ಮಟ್ಟದ ಕಾಂಪೋಸ್ಟ್ ತನಕ ಬಂದಿದೆ. ಇದನ್ನು ಹೊಸ ವಿಚಾರ ಎಂಬಂತೆ ಮಾತನಾಡುವವರೇ ಹೆಚ್ಚು. ಕಸ ಹೊಲಕ್ಕೆ ಹೋಗುವುದು ಇಲ್ಲಿ ಹೊಸದಲ್ಲ, ಹೋಗದೆ ನಿಂತದ್ದು ಹೊಸದು. ಹೇಗೆ ನಿಂತಿತು ಎಂಬುದನ್ನು ನೋಡದೆ ಮತ್ತೆ ಶುರು ಮಾಡಿದರೆ ಅದೇ ಕಡೆ ಮುಗ್ಗರಿಸುತ್ತೇವೆ ಎಂಬುದು ನಮ್ಮ ಅನಿಸಿಕೆ.

ಹಳೆಯ ಕಾಲವನ್ನು ತೀರಾ ಚಂದ ಮಾಡಿ ಹೇಳುವುದೂ ಬೇಡ. ವಿಜಯಪುರ ಮರ ಕಡಿಮೆ ಇರುವ ಸೀಮೆ. ಸೌದೆ ಇಲ್ಲದ ಕಡೆ ಸೆಗಣಿ ಕುಳ್ಳಾಗಿ ಒಲೆ ಸೇರುತ್ತದೆ. ಜೋಳದ ಕಣಿಕೆ ದನಕ್ಕೆ, ತೊಗರಿ ಮತ್ತು ಹತ್ತಿ ಕಟ್ಟಿಗೆ ಉರುವಲಿಗೆ. ಇಷ್ಟೆಲ್ಲ ಕಳೆದು ಉಳಿದದ್ದು ತಿಪ್ಪೆಗೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ಸಾರವಾಡದ ಕಡೆಯ ಎರೆ ಭೂಮಿಯ ಬಗ್ಗೆ ಇದ್ದದ್ದು. ಆ ಮಣ್ಣಿಗೆ ಗೊಬ್ಬರ ಹಾಕದಿದ್ದರೂ ಬೆಳೆ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಅದರ ಮೇಲೆ ಬರ. 1876–78ರ ಬರದಲ್ಲಿ ದನಕರು ರಾಶಿ ರಾಶಿಯಾಗಿ ಸತ್ತವು. ಆಗ ಕಲಾದಗಿ ಜಿಲ್ಲೆ ಎನಿಸಿದ್ದ ಈ ಪ್ರದೇಶದ ಜನಸಂಖ್ಯೆ 1872 ಮತ್ತು 1881ರ ಜನಗಣತಿಗಳ ನಡುವೆ ಐದರಲ್ಲೊಂದು ಪಾಲಿಗೂ ಹೆಚ್ಚು ಕುಸಿಯಿತು. ದನ ಹೋದರೆ ಗೊಬ್ಬರವೂ ಹೋಯಿತು. ಮತ್ತೆ ದನ ಕಟ್ಟುವಷ್ಟು ಒಕ್ಕಲುತನ ಚೇತರಿಸಿಕೊಳ್ಳುವ ತನಕ ಹೊಲಕ್ಕೆ ಮರಳುವುದು ಬಹಳ ಇರಲಿಲ್ಲ.

ನಗರದ ಮಾತಿಗೆ ಬಂದರೆ, ಆದಿಲ್‌ಶಾಹಿಗಳ ವಿಜಯಪುರ ನೀರಿನ ವಿಷಯದಲ್ಲಿ ಬಹಳ ಲೆಕ್ಕಾಚಾರದ ಊರು. ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ, 1651ರ ಬೇಗಂ ತಲಾಬ್ ಎಲ್ಲವೂ ಒಂದು ಜಾಲ. ಈಗಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆ ಮುಹಮ್ಮದ್ ಆದಿಲ್‌ಶಾಹನ ಕಾಲದ್ದು, ಊರಿನ ಹೆಸರೂ ಅವನದೇ. ಕೆರೆ ಬತ್ತಿದಾಗ ಹೂಳು ತೆಗೆದು ಹೊಲಕ್ಕೆ ಹೇರುವುದು ಎರಡು ಕೆಲಸವನ್ನು ಒಟ್ಟಿಗೆ ಮಾಡುತ್ತಿತ್ತು. ಕೆರೆಗೆ ನೀರು ನಿಲ್ಲುವ ಜಾಗ, ಹೊಲಕ್ಕೆ ಹೊಸ ಮಣ್ಣು. ಬಾವಡಿ ಕಟ್ಟಿಸಿದವರ ಹೆಸರು ನಮಗೆಲ್ಲ ಬಾಯಿಪಾಠ. ಊರ ಕಸ ಹೊತ್ತವರ ಹೆಸರನ್ನು ಯಾವ ಕಾಲದಲ್ಲೂ ಯಾರೂ ಕಲ್ಲಿನಲ್ಲಿ ಕೆತ್ತಿಸಿಲ್ಲ.

1884ರಲ್ಲಿ ಗದಗ–ಹೊಟಗಿ ರೈಲು ಮಾರ್ಗ, 1885ರಲ್ಲಿ ಕಲಾದಗಿಯಿಂದ ಜಿಲ್ಲಾ ಕಚೇರಿ, ಇವೆರಡೂ ಬಂದ ಮೇಲೆ ಪಾಳು ಬಿದ್ದಿದ್ದ ಊರು ಮತ್ತೆ ನಗರವಾಗತೊಡಗಿತು. ಕಸ ಮುನ್ಸಿಪಾಲಿಟಿಯ ಕೆಲಸವಾಯಿತು. ಒಂದು ಮನೆಯ ತಿಪ್ಪೆಗೂ ಒಂದು ಊರಿನ ತಿಪ್ಪೆಗೂ ಇರುವ ವ್ಯತ್ಯಾಸ ದೊಡ್ಡದು. ಮನೆಯ ತಿಪ್ಪೆಗೆ ಹೊಲ ಗೊತ್ತಿರುತ್ತದೆ. ಊರ ತಿಪ್ಪೆಗೆ ಹೊಲ ಹುಡುಕಬೇಕು.

ಹೀಗೆ ಹುಡುಕುವ ವಿಜ್ಞಾನ ಬೆಳೆದದ್ದು ನಮ್ಮ ದೇಶದಲ್ಲೇ. ಆಲ್ಬರ್ಟ್ ಹೋವರ್ಡ್ 1924ರಿಂದ 1931ರ ತನಕ ಇಂದೋರಿನಲ್ಲಿ ಕೆಲಸ ಮಾಡಿ, ಒಣ ಕಸ ಹಾಗೂ ಸೆಗಣಿಯನ್ನು ಪದರ ಪದರವಾಗಿ ಒಟ್ಟಿ, ನೀರು ಚಿಮುಕಿಸಿ, ಆಗಾಗ ಮಗುಚುವ ಪದ್ಧತಿಯನ್ನು ರೂಪಿಸಿದರು. ಯಶವಂತ ವಾಡ್ ಜೊತೆ ಬರೆದ ಅವರ ಪುಸ್ತಕ 1931ರಲ್ಲಿ ಬಂತು. ಇಂದೋರ್ ಪದ್ಧತಿಗೆ ಗಾಳಿ ಬೇಕು, ಕೈ ಬೇಕು, ನೀರೂ ಬೇಕು. ಇದಕ್ಕೆ ಉತ್ತರ ಎಂಬಂತೆ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಮತ್ತೊಂದು ದಾರಿ ತೋರಿಸಿದರು. ಸುಮಾರು 3 ಅಡಿ ಆಳದ ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣಿನಿಂದ ಮುಚ್ಚಿ ಮೆತ್ತಿದರೆ ಮಗುಚುವ ಕೆಲಸವೇ ಇಲ್ಲ. ಆರರಿಂದ ಎಂಟು ತಿಂಗಳು ಬೇಕು, ಆದರೆ ತೇವ ಹಾರುವುದಿಲ್ಲ, ಸಾರಜನಕವೂ ಅಷ್ಟಾಗಿ ಹಾರುವುದಿಲ್ಲ. ಬೆಂಗಳೂರು ಪದ್ಧತಿ ಎಂದು ಜಗತ್ತಿನ ಪಠ್ಯಗಳಲ್ಲಿ ಹೆಸರಾದದ್ದು ಇದೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಬಯಲು ಗಾಳಿಯ ನಮ್ಮಂಥ ಕಡೆಗೆ ತೆರೆದ ರಾಶಿಗಿಂತ ಗುಂಡಿಯೇ ಸರಿ ಎಂಬುದನ್ನು ಯಾವ ರೈತನಾದರೂ ಒಪ್ಪಿಯಾನು. ರಾಶಿ ಒಂದೇ ವಾರದಲ್ಲಿ ಒಣಗಿ ಸುಮ್ಮನೆ ಕುಳಿತುಬಿಡುತ್ತದೆ.

1940ರ ದಶಕದಲ್ಲಿ, ಆಹಾರದ ಕೊರತೆಯ ಹೊತ್ತಿನಲ್ಲಿ, ಈ ಪದ್ಧತಿ ದೇಶದ ಪಟ್ಟಣಗಳಿಗೆ ಸರ್ಕಾರಿ ಯೋಜನೆಯಾಗಿ ಹೋಯಿತು. ಪಟ್ಟಣದ ಕಸವನ್ನು ಗೊಬ್ಬರ ಮಾಡಿ ಸುತ್ತಲಿನ ರೈತರಿಗೆ ಮಾರುವುದು ಮುನ್ಸಿಪಾಲಿಟಿಗಳ ಆದಾಯವೂ ಆಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಗುಂಡಿಯಲ್ಲಿ ಒಂದು ಪದರ ಊರ ಕಸ, ಇನ್ನೊಂದು ಪದರ ಮನುಷ್ಯರ ಮಲ. ಆ ಎರಡನೇ ಪದರವನ್ನು ಪಾಯಖಾನೆಗಳಿಂದ ಗುಂಡಿಯ ತನಕ ತಲೆಯ ಮೇಲೆ ಹೊತ್ತವರು ಯಾವ ಜಾತಿಯವರು ಎಂಬುದು ಎಲ್ಲರಿಗೂ ಗೊತ್ತು. ಕಾಂಪೋಸ್ಟ್ ಚರಿತ್ರೆ ಹೇಳುವವರು ಇಂಗಾಲ ಸಾರಜನಕದ ಅನುಪಾತ ಹೇಳುತ್ತಾರೆ, ಬುಟ್ಟಿಯ ಮಾತು ಬಿಡುತ್ತಾರೆ. ಹಳೆಯ ನಗರ ಸುಸ್ಥಿರವಾಗಿತ್ತು ಎಂದು ಹೊಗಳುವವರನ್ನು ಕಂಡರೆ ನಮಗೆ ತುಸು ಸಿಟ್ಟು ಬರುವುದು ಇದಕ್ಕೇ. ಅದು ನಡೆದದ್ದು ಕೆಲವರ ಬೆನ್ನು ಬಾಗಿಸಿ. ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಕೇಂದ್ರದ ಕಾನೂನು 1993ರಲ್ಲಿ ಬಂತು, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಆ ಪದರ ಗುಂಡಿಯಿಂದ ಹೋದದ್ದು ಒಳ್ಳೆಯದೇ ಆಯಿತು. ಅದರ ಜಾಗಕ್ಕೆ ಸೆಗಣಿಯೋ ಹಸಿ ತರಕಾರಿ ಕಸವೋ ಬಂದು ಪದ್ಧತಿ ಮುಂದುವರಿಯಬಹುದಿತ್ತು.

ಮುಂದುವರಿಯಲಿಲ್ಲ. ಚೀಲದ ರಸಗೊಬ್ಬರ ಬಂತು. ಅದನ್ನು ಹೇರಲು ಚಕ್ಕಡಿ ಬೇಕಿಲ್ಲ, ಸೈಕಲ್ ಸಾಕು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಕೊನೆಗೆ ಪ್ಲಾಸ್ಟಿಕ್ ಬಂತು, ಅದೇ ನಿಜವಾದ ಹೊಡೆತ. ಊರ ಕಸದಲ್ಲಿ ಗಾಜು, ಸ್ಯಾಶೆ, ಬ್ಲೇಡು, ಸೂಜಿ ಸೇರಿದ ಮೇಲೆ ರೈತ ಅದನ್ನು ಹೊಲಕ್ಕೆ ಬಿಟ್ಟುಕೊಳ್ಳುವುದನ್ನು ನಿಲ್ಲಿಸಿದ. ಬರಿಗಾಲಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳ ಕಾಲಿಗೆ ಗಾಜು ಚುಚ್ಚುವ ಗೊಬ್ಬರ ಯಾರಿಗೆ ಬೇಕು? ಹೊಲ ಬಾಗಿಲು ಹಾಕಿಕೊಂಡಿತು. ಊರ ಕಸ ತಗ್ಗು ಹುಡುಕಿತು. ವಿಜಯಪುರದಲ್ಲಿ ತಗ್ಗಿಗೇನು ಕಡಿಮೆ? ಕೋಟೆಯ ಕಂದಕವಿತ್ತು, ಬಾವಡಿಗಳಿದ್ದವು.

200 ಅಡಿಗೂ ಮೀರಿ ಅಗಲವಿರುವ, 50 ಅಡಿ ಆಳದ ತಾಜ್ ಬಾವಡಿ ನಮ್ಮ ಕಣ್ಣೆದುರೇ ಕಸದ ಬುಟ್ಟಿಯಾಯಿತು. ಗಣೇಶನ ಮೂರ್ತಿಗಳು, ಬಟ್ಟೆ, ಪೂಜೆಯ ಹೂವು, ಬಾಟಲಿ. 2010ರ ದಶಕದ ಮಧ್ಯದಲ್ಲಿ ಜಿಲ್ಲೆಯವರೇ ಆದ ಎಂ.ಬಿ. ಪಾಟೀಲ ಜಲಸಂಪನ್ಮೂಲ ಸಚಿವರಾಗಿದ್ದಾಗ ಬಾವಡಿಗಳ ಹೂಳು, ಕಸ ತೆಗೆಸುವ ಕೆಲಸ ನಡೆಯಿತು. ಅದು ಇಲ್ಲಿನ ಜನ ನೆನಪಿಟ್ಟುಕೊಂಡಿರುವ ಕೆಲಸ. ಕೋಟಿ ವೃಕ್ಷ ಅಭಿಯಾನವೂ ಅದೇ ಕಾಲದ್ದು, ಕರಾಡದೊಡ್ಡಿಯ ಹಸಿರು ಅದರ ಗುರುತು. ಆದರೆ ಬಾವಡಿಯಿಂದ ಮೇಲೆತ್ತಿದ ಕಸಕ್ಕೆ ಮತ್ತೆ ಒಂದು ಜಾಗ ಬೇಕಲ್ಲ. ಗಿಡ ಹಚ್ಚುವುದಕ್ಕೆ ಸಿಗುವ ಚಪ್ಪಾಳೆ ಎಲೆ ಗುಡಿಸಿ ಗುಂಡಿಗೆ ಹಾಕುವವರಿಗೆ ಸಿಗುವುದಿಲ್ಲ. ಉದುರಿದ ಎಲೆಗೆ ಬೆಂಕಿ ಹಚ್ಚುವುದನ್ನು ಬೆಳಗಿನ ವಾಕಿಂಗ್ ಹೋಗುವ ಎಲ್ಲರೂ ಕಂಡಿದ್ದಾರೆ.

ಕಾಗದದ ಮೇಲೆ ದಾರಿ ಎಂದೋ ಸಿದ್ಧವಾಗಿದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 2000ದ ಘನತ್ಯಾಜ್ಯ ನಿಯಮಗಳು ಬಂದವು. 2016ರ ನಿಯಮಗಳು ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಬೇರ್ಪಡಿಸಬೇಕೆಂದವು, ದಿನಕ್ಕೆ 100 ಕೆ.ಜಿ. ಮೀರಿ ಕಸ ಮಾಡುವ ಹೋಟೆಲು, ಮಂಗಲ ಕಾರ್ಯಾಲಯಗಳ ಮೇಲೆ ಹೊಣೆ ಹೊರಿಸಿದವು. ಅದೇ ವರ್ಷ ಕೇಂದ್ರ ಸರ್ಕಾರ ನಗರ ಕಾಂಪೋಸ್ಟಿಗೆ ಟನ್‌ಗೆ 1,500 ರೂಪಾಯಿ ಸಹಾಯಧನ ಪ್ರಕಟಿಸಿತು. ಹಳ್ಳಿಗಳಲ್ಲಿ ಸ್ವಚ್ಛ ಸಂಕೀರ್ಣಗಳು ಬಂದವು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕಸದ ಗಾಡಿ ಓಡಿಸಲು ಕಲಿತರು. ಇವರಿಗೆ ತಿಂಗಳ ಸಂಬಳ ಸರಿಯಾಗಿ ಮುಟ್ಟುವುದು ನಿಯಮಾವಳಿಗಳಿಗಿಂತ ಮುಖ್ಯ ಎಂದು ನಮಗನಿಸುತ್ತದೆ. ತಲೆಯ ಬುಟ್ಟಿ ಹೋಗಿ ಗಾಡಿ ಬಂದರೂ, ಬೆರೆತ ಕಸವನ್ನು ಕೈಯಿಂದ ಬೇರೆ ಮಾಡುವ ಕೆಲಸ ಬಹುಪಾಲು ಅದೇ ಸಮುದಾಯಗಳ ಪಾಲಿಗೇ ಬರುತ್ತಿದೆ. ಮನೆಯಲ್ಲಿ ಎರಡು ಬುಟ್ಟಿ ಇಡುವುದು ಪರಿಸರದ ಪ್ರಶ್ನೆಯಷ್ಟೇ ಅಲ್ಲ.

ಈಗ ತಿಕೋಟಾ, ಬಬಲೇಶ್ವರದ ಕಡೆ ನೋಡೋಣ. 2018ರ ಹೊತ್ತಿಗೆ ಇವೆರಡೂ ತಾಲ್ಲೂಕುಗಳಾದವು. ಅದಕ್ಕೂ ಮೊದಲೇ ಇಲ್ಲಿನ ಒಕ್ಕಲುತನ ಬದಲಾಗಿತ್ತು. ಮಡ್ಡಿ ಜಮೀನುಗಳಲ್ಲಿ ಬೋರ್‌ವೆಲ್ ಕೊರೆದು, ಟ್ಯಾಂಕರ್ ನೀರು ಹೊಯ್ದು ದ್ರಾಕ್ಷಿ ಬೆಳೆಸಿದವರು ಇವರು. ಒಣದ್ರಾಕ್ಷಿ ಶೆಡ್‌ಗಳು ತಿಕೋಟಾದ ಗುರುತಾದವು. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆರೆಗಳಿಗೆ ಬಂದ ಮೇಲೆ ತೋಟ ಇನ್ನೂ ಹಬ್ಬಿತು. ದ್ರಾಕ್ಷಿಗೆ ಚಾಟ್ನಿಗೆ ಮುಂಚೆ ಕೊಟ್ಟಿಗೆ ಗೊಬ್ಬರ ಬೇಕೇ ಬೇಕು. ದನ ಕಡಿಮೆಯಾದ ಊರಲ್ಲಿ ಗೊಬ್ಬರ ಎಲ್ಲಿಂದ? ಟ್ರೇಲರ್ ಲೆಕ್ಕದಲ್ಲಿ, ಲಾರಿ ಲೆಕ್ಕದಲ್ಲಿ ಹೊರಗಿನಿಂದ ಕೊಳ್ಳುತ್ತಾರೆ. ಹೊಲದಲ್ಲಿ ಕುರಿ ನಿಲ್ಲಿಸಲು ಕುರಿಗಾರರಿಗೆ ದುಡ್ಡು, ಕಾಳು ಕೊಡುತ್ತಾರೆ. ಅಂದರೆ ಗೊಬ್ಬರಕ್ಕೆ ಬೇಡಿಕೆ ಇಲ್ಲ ಎಂಬ ಮಾತು ಸುಳ್ಳು. ನಗರದ ಗೊಬ್ಬರದ ಮೇಲೆ ನಂಬಿಕೆ ಇಲ್ಲ, ಅಷ್ಟೇ.

ಒಂದು ಸ್ಥೂಲ ಲೆಕ್ಕ ಹಾಕಿ ನೋಡಿದೆವು. 2011ರ ಜನಗಣತಿಯಲ್ಲಿ ನಗರದ ಜನ ಸುಮಾರು 3.27 ಲಕ್ಷ. ತಲೆಗೆ ದಿನಕ್ಕೆ 300 ಗ್ರಾಂ ಹಿಡಿದರೆ 100 ಟನ್ ಸಮೀಪ. ಅರ್ಧ ಹಸಿ ಕಸ ಎಂದರೆ 50 ಟನ್. ಕೊಳೆತು, ಒಣಗಿ, ಜರಡಿ ಹಿಡಿದ ಮೇಲೆ ಕಾಲು ಭಾಗ ಉಳಿದರೆ ದಿನಕ್ಕೆ 12 ಟನ್, ವರ್ಷಕ್ಕೆ 4,400 ಟನ್ ಆಸುಪಾಸು. ಎಕರೆಗೆ 8–10 ಟನ್ ಬೇಡುವ ದ್ರಾಕ್ಷಿ ತೋಟಕ್ಕೆ ಕೊಟ್ಟರೆ ಇದು 500 ಎಕರೆಗೆ ಮುಗಿದುಹೋಯಿತು. ಕಾಂಪೋಸ್ಟ್ ಮಾಡಿದರೆ ಜಿಲ್ಲೆಯ ಒಕ್ಕಲುತನವೇ ಬದಲಾಗುತ್ತದೆ ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು. ಆದರೆ ಅದೇ ಗೊಬ್ಬರವನ್ನು ಎಕರೆಗೆ ಸವಾ ಟನ್‌ನಂತೆ ಹಿಂಗಾರಿ ಜೋಳದ ಎರೆ ಭೂಮಿಗೆ ಹರಡಿದರೆ 3,500 ಎಕರೆ ಆಗುತ್ತದೆ. ನಗರಕ್ಕೆ ಹತ್ತಿರದ ಒಣ ಬೇಸಾಯದ ಹೊಲಗಳೇ ಇದಕ್ಕೆ ಸರಿಯಾದ ಜಾಗ. ದ್ರಾಕ್ಷಿಯವರು ಹೇಗೂ ಕೊಳ್ಳಬಲ್ಲರು, ಜೋಳದವರಿಗೆ ಆ ಶಕ್ತಿ ಇಲ್ಲ. 1930ರ ದಶಕದಲ್ಲಿ ಒಣ ಬೇಸಾಯ ಸಂಶೋಧನೆಗೆ ಸೋಲಾಪುರ, ರಾಯಚೂರು, ಹಗರಿ, ರೋಹ್ಟಕ್ ಜೊತೆ ವಿಜಯಪುರವನ್ನೂ ಆರಿಸಿದ್ದು ಇಂಥ ಮಣ್ಣಿಗಾಗಿಯೇ. ಚೌಕುಮಡಿ ಮಾಡಿ ಮಳೆ ನೀರು ಹಿಡಿಯಿರಿ ಎಂದು ರೈತರಿಗೆ ಹೇಳಿಕೊಟ್ಟ ಪರಂಪರೆ ಅದು. ಹಿಡಿದ ನೀರು ಮಣ್ಣಿನಲ್ಲಿ ಉಳಿಯಬೇಕಾದರೆ ಮಣ್ಣಿನಲ್ಲಿ ಸಾವಯವ ಅಂಶ ಇರಬೇಕು.

ಓಣಿಯ ಮಟ್ಟದಲ್ಲಿ ಮಾಡುವುದಾದರೆ ಬೇಕಾದದ್ದು ಹೆಚ್ಚೇನಿಲ್ಲ. ಹಸಿ ಕಸಕ್ಕೆ ಸಮನಾಗಿ ಒಣ ಎಲೆ, ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ತೇವ, ಬಿಸಿಲಿಗೆ ತಗಡೋ ಗೋಣಿಚೀಲವೋ. ರಾಶಿಯ ಒಳಗೆ 55–60 ಡಿಗ್ರಿ ಕಾವು ಬಂದರೆ ಕಳೆ ಬೀಜ, ನೊಣದ ಹುಳು ಸಾಯುತ್ತವೆ. ಪಾರ್ಥೇನಿಯಂ ತುಂಬಿದ ನಮ್ಮ ಕಡೆ ಈ ಕಾವು ಮುಖ್ಯ. ವಿದರ್ಭದ ಪುಸದ್‌ನ ನಾರಾಯಣ ದೇವತಾವ್ ಪಾಂಢರಿಪಾಂಡೆ ರೂಪಿಸಿದ ನಾಡೆಪ್ ತೊಟ್ಟಿ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರ, ಗೋಡೆಯಲ್ಲಿ ಗಾಳಿಯಾಡಲು ಕಿಂಡಿ. ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಹಳ್ಳಿಯ ರೈತರಿಗೆ ಇದು ಈಗಾಗಲೇ ಪರಿಚಿತ. ಉದ್ಯಾನದ ಮೂಲೆಯಲ್ಲಿ ಇಂಥ ನಾಲ್ಕು ತೊಟ್ಟಿ ಇದ್ದರೆ ಸುತ್ತಲಿನ ಮನೆಗಳ ತರಕಾರಿ ಕಸ ಅಲ್ಲೇ ತೀರುತ್ತದೆ. ವಾಸನೆ ಬರುತ್ತದೆ ಎಂದು ತಗಾದೆ ತೆಗೆಯುವವರು ಇದ್ದೇ ಇರುತ್ತಾರೆ. ಒಣ ಎಲೆ ಕಡಿಮೆ ಬಿದ್ದಾಗ ಅವರ ಮಾತು ನಿಜವೂ ಹೌದು.

ದೊಡ್ಡ ಪ್ರಮಾಣದ ಗೊಬ್ಬರಕ್ಕೆ ಮಾತ್ರ ಬೇರೆ ಪರೀಕ್ಷೆ ಇದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ನಗರ ಕಾಂಪೋಸ್ಟಿಗೆ ಅಳತೆಗಳಿವೆ. ಶೇ 90ರಷ್ಟು 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು, ಸಾವಯವ ಇಂಗಾಲ ಕನಿಷ್ಠ ಶೇ 12 ಇರಬೇಕು, ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಮಿತಿ ಮೀರಬಾರದು. ತಿಕೋಟಾದ ರೈತ ದ್ರಾಕ್ಷಿ ತೋಟದ ಮಣ್ಣು, ನೀರು, ಎಲೆಯ ತೊಟ್ಟನ್ನೂ ಪರೀಕ್ಷೆಗೆ ಕಳಿಸಿ ವರದಿ ಓದುವವನು. ಊರ ಗೊಬ್ಬರ ಒಯ್ಯಿರಿ ಎಂದು ಅವನನ್ನು ಕರೆಯುವವರು ಮೊದಲು ಆ ರಾಶಿಯ ಪರೀಕ್ಷಾ ವರದಿಯನ್ನು ಕೈಗೆ ಕೊಡಬೇಕು, ಆಮೇಲೆ ಜರಡಿಯ ಮೇಲೆ ಉಳಿದ ಗಾಜನ್ನು ಎಲ್ಲಿ ಹಾಕಿದಿರಿ ಎಂಬ ಅವನ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿರಬೇಕು.