ಸಮುದ್ರಕ್ಕೆ ಹೆಪ್ಪು

ನನ್ನ ತಂಗಿಯ ಮಗ ಹೋದ ವರ್ಷ ಮನೆಯ ಹಜಾರದಲ್ಲಿ ಸಮುದ್ರದ ಮೀನಿನ ತೊಟ್ಟಿ ಇಟ್ಟ. ಅಂಗಡಿಯಿಂದ ತಂದ ಉಪ್ಪು ಬೆರೆಸಿದ ನೀರು, ಬಿಳಿ ಮರಳು, ದೀಪ ಎಲ್ಲ ಅಣಿಯಾದ ಮಾರನೆಯ ದಿನವೇ ಐದು ಮೀನು ತಂದು ಬಿಟ್ಟ. ವಾರ ತುಂಬುವುದರೊಳಗೆ ಐದೂ ಸತ್ತವು. "ದೊಡ್ಡಮ್ಮ, ನೀರು ಕನ್ನಡಿಯ ಹಾಗಿದೆ, ಕೊಳೆ ಎಲ್ಲಿದೆ?" ಎಂದು ಕೇಳಿದ. ನನಗೂ ತಿಳಿಯಲಿಲ್ಲ. ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು, ನಮ್ಮಂತೆಯೇ ಸೂಜಿ ದಾರ ಹಿಡಿದ ಒಬ್ಬ ಗೃಹಿಣಿ.

ಆಕೆ ಲಂಡನ್ನಿನ ಅನ್ನಾ ಥಿನ್. ಪತಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಪಾದ್ರಿ. 1846ರಲ್ಲಿ ಟಾರ್ಕಿಯ ಕಡಲತೀರಕ್ಕೆ ಹೋದಾಗ ಬಂಡೆಗೆ ಅಂಟಿದ ಜೀವಂತ ಹವಳಗಳು ಅವರ ಕಣ್ಣಿಗೆ ಬಿದ್ದವು. ಅವನ್ನು ಲಂಡನ್ನಿಗೆ ತರಬೇಕೆಂಬ ಆಸೆ. ದಾರಿಯಲ್ಲಿ ಉರುಳಾಡದಿರಲೆಂದು ಒಂದು ದೊಡ್ಡ ಸ್ಪಂಜಿಗೆ ಸೂಜಿ ದಾರದಿಂದ ಹೊಲಿದು, ಸಮುದ್ರದ ನೀರು ತುಂಬಿದ ಜಾಡಿಯಲ್ಲಿಟ್ಟು ತಂದರು. ಊರಿಗೆ ಬಂದ ಮೇಲೆ ಗಾಜಿನ ಬೋಗುಣಿಗಳಲ್ಲಿ ಸಾಕಿದರು. ಲಂಡನ್ನಿನಲ್ಲಿ ಕಡಲ ನೀರು ಸುಲಭಕ್ಕೆ ಸಿಗದು. ಬಳಸಿದ ನೀರನ್ನೇ ಮತ್ತೆ ಬಳಸಬೇಕು. ಅದಕ್ಕೆ ಅವರು ಕಂಡುಕೊಂಡ ದಾರಿ, ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಅರ್ಧ ಮುಕ್ಕಾಲು ಗಂಟೆ ಪಾತ್ರೆಯಿಂದ ಪಾತ್ರೆಗೆ ಸುರಿಯುವುದು. ನಾವು ಕಾಫಿ ಆರಿಸುವ ಹಾಗೆ. ಈ ತೋಳು ನೋಯುವ ಕೆಲಸವನ್ನು ಮನೆಗೆಲಸದ ಹುಡುಗಿಯೊಬ್ಬಳು ಆಟವೆಂಬಂತೆ ಮಾಡುತ್ತಿದ್ದಳಂತೆ. 1847ರಲ್ಲಿ ಕಡಲಪಾಚಿಯನ್ನೂ ತರಿಸಿ ಜೊತೆಗೆ ಇಟ್ಟರು. ಸುಮಾರು ಮೂರು ವರ್ಷ ಆ ಹವಳಗಳು ಬದುಕಿದವು, ಮರಿಯನ್ನೂ ಹಾಕಿದವು.

1853ರಲ್ಲಿ ಲಂಡನ್ನಿನ ಮೃಗಾಲಯ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಅವರ 'ದಿ ಅಕ್ವೇರಿಯಂ' ಎಂಬ ಪುಸ್ತಕ ಬಂತು. ಇಂಗ್ಲೆಂಡಿನ ಹಜಾರಗಳಲ್ಲೆಲ್ಲ ಗಾಜಿನ ತೊಟ್ಟಿಗಳ ಹುಚ್ಚು ಹಬ್ಬಿತು. ಗಿಡ ಗಾಳಿಯನ್ನು ಶುದ್ಧ ಮಾಡುತ್ತದೆ, ಪ್ರಾಣಿ ಅದನ್ನು ಉಸಿರಾಡುತ್ತದೆ, ಎರಡೂ ಸಮವಾಗಿದ್ದರೆ ಸಾಕು ಎಂದು ಅಂದಿನವರ ತಿಳಿವಳಿಕೆ. 1850ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದವರು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ. ಆದರೆ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿತ್ತು. ಮೀನು ತನ್ನ ಕಿವಿರುಗಳಿಂದ ಸದಾ ಅಮೋನಿಯಾ ಹೊರಬಿಡುತ್ತದೆ. ಅದು ಕಣ್ಣಿಗೆ ಕಾಣದು. ಸಮುದ್ರದ ನೀರು ಕ್ಷಾರ ಗುಣದ್ದಾದ್ದರಿಂದ ಅಲ್ಲಿ ಅದರ ವಿಷ ಇನ್ನೂ ಹೆಚ್ಚು.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬಿಬ್ಬರು ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯಾ ಹೋಗಿ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರಂ ಆವಿ ಹಾಯಿಸಿದರೆ ಕೆಲಸ ನಿಂತಿತು. ಸ್ವಲ್ಪ ಹೊಸ ಮಣ್ಣು ಕದಡಿ ಹಾಕಿದರೆ ಮತ್ತೆ ಶುರುವಾಯಿತು. ಎಂದರೆ ಇದು ಜೀವಾಣುಗಳ ಕೆಲಸ! ಓದಿದಾಗ ನನಗೆ ನಗು ಬಂತು. ಹೆಪ್ಪಿನ ಮರ್ಮ ನಮ್ಮ ಅಡುಗೆಮನೆಗೆ ಹೊಸದೇ?

ಮುಂದೆ ಇದು ಎರಡು ಹೆಜ್ಜೆಯ ಕೆಲಸವೆಂದು ತೋರಿಸಿದವರು ವಾರಿಂಗ್ಟನ್ನರ ಮಗ. ಅವರ ಹೆಸರೂ ರಾಬರ್ಟ್ ವಾರಿಂಗ್ಟನ್ನೇ. ಒಂದು ಬಗೆಯ ಜೀವಾಣು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ಅಷ್ಟಾಗಿ ಕೆಡುಕಿಲ್ಲದ ನೈಟ್ರೇಟ್ ಮಾಡುತ್ತದೆ. 1890ರಲ್ಲಿ ವಿನೋಗ್ರಾಡ್‌ಸ್ಕಿ ಈ ಜೀವಾಣುಗಳನ್ನು ಬೇರ್ಪಡಿಸಿದರು. ಅದೇ ವರ್ಷ ಇದೇ ವಿಷಯದ ಮೇಲೆ ಪ್ರಬಂಧ ಪ್ರಕಟಿಸಿದವರು ಪರ್ಸಿ ಮತ್ತು ಗ್ರೇಸ್ ಫ್ರಾಂಕ್‌ಲ್ಯಾಂಡ್ ದಂಪತಿಗಳು. ಹೆಂಡತಿಯ ಹೆಸರೂ ಪ್ರಬಂಧದ ಮೇಲಿದೆ ಎಂಬುದು ನನಗೆ ಸಮಾಧಾನ ಕೊಟ್ಟ ಸಂಗತಿ.

ಅನ್ನಾ ಥಿನ್ ಅವರಿಗೆ ಇದೊಂದೂ ಗೊತ್ತಿರಲಿಲ್ಲ. ಆದರೆ ಅವರು ಸಾಕಿದ ಜೀವಿಗಳು ಕೆಲವೇ. ಕಡಲಿನಿಂದ ಬಂದ ಚಿಪ್ಪು, ಪಾಚಿಗಳ ಮೈಮೇಲೆ ಈ ಜೀವಾಣುಗಳು ಇದ್ದೇ ಇರುತ್ತವೆ. ಅವಕ್ಕೆ ಬೇಕಾದ ಗಾಳಿಯನ್ನು ಆ ಹುಡುಗಿಯ ತೋಳುಗಳು ಕೊಟ್ಟವು. ಅನ್ನಾ ತಮ್ಮ ಬರಹದಲ್ಲಿ ಅವಳನ್ನು ಪುಟ್ಟ ಕೆಲಸದ ಹುಡುಗಿ ಎಂದಷ್ಟೇ ಕರೆದಿದ್ದಾರೆ. ಹವಳ ಬದುಕಿದ್ದರಲ್ಲಿ ಅವಳ ಪಾಲೂ ಇದೆ.

ಇದನ್ನೆಲ್ಲ ಹೇಳಿದ ಮೇಲೆ ಹುಡುಗ ಮತ್ತೆ ತೊಡಗಿದ. ಗೆಳೆಯನ ಹಳೆಯ ತೊಟ್ಟಿಯಿಂದ ಒಂದು ಕಲ್ಲು ತಂದಿಟ್ಟ. ಮೀನಿಲ್ಲದ ನೀರಿಗೆ ಮೀನಿನ ತಿಂಡಿ ಚಿಟಿಕೆಯಷ್ಟು ಹಾಕಿದ. ಅದು ಕೊಳೆತು ಅಮೋನಿಯಾ ಏರಿತು. ಅದು ಇಳಿಯುವಾಗ ನೈಟ್ರೈಟ್ ಏರಿತು, ಆಮೇಲೆ ಅದೂ ಇಳಿಯಿತು. ಪರೀಕ್ಷೆಯ ಬಣ್ಣದ ಹನಿ ಹಾಕಿ ನೋಡಿ ದಿನಾ ಬರೆದಿಟ್ಟ. ಎರಡೂ ಸೊನ್ನೆಗೆ ಬರಲು ಐದು ವಾರ ಹಿಡಿಯಿತು. ಆಮೇಲೆ ಸ್ವಲ್ಪ ನೀರು ಬದಲಿಸಿ ಒಂದೇ ಒಂದು ಮೀನು ತಂದ.

ಆ ಐದು ವಾರ ಮನೆಗೆ ಬಂದವರೆಲ್ಲ "ಇದೇನು, ಖಾಲಿ ತೊಟ್ಟಿಗೆ ದೀಪ ಹಾಕಿದ್ದೀರಿ?" ಎಂದು ಕೇಳುವರು. ತಂಗಿ ಕಾಫಿ ಕೊಡುತ್ತ ಹೇಳುವಳು: "ಖಾಲಿ ಅಲ್ಲ ಕಣ್ರೀ, ಹೆಪ್ಪು ಹಾಕಿದೆ. ಅಲುಗಾಡಿಸಬೇಡಿ."