ಕಿಲ್ಲಾರಿಯ ನಂತರ: ಕಟ್ಟಿದ ಶಾಲೆ, ಬಿರುಕು ಬಿಟ್ಟ ಶಾಲೆ

ಗಡಿಯಾಚೆಯ ಕನ್ನಡ ಶಾಲೆ ಅಂದ ಕೂಡಲೇ ನಮ್ಮ ಗೋಷ್ಠಿಗಳಲ್ಲಿ ಮುಚ್ಚಿಹೋದ ಶಾಲೆಗಳ ಮಾತೇ ಬರುತ್ತದೆ. ನಾನು ಇವತ್ತು ಬಿದ್ದ ಶಾಲೆಗಳ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಪೂರ್ತಿ ಬೀಳದೆ ಬಿರುಕು ಬಿಟ್ಟು ನಿಂತ ಶಾಲೆಗಳ ಬಗ್ಗೆ ಹೇಳಬೇಕಂತಿದ್ದೀನಿ. ಪ್ರಕೃತಿ ವಿಕೋಪ ಆದಮೇಲೆ ಕಂಪನಿಗಳು, ಉದ್ಯಮಿಗಳು, ಪತ್ರಿಕೆಗಳು ಶಾಲೆ ಕಟ್ಟಿಸಿಕೊಡುತ್ತವೆ. ಯಾವ ಊರಲ್ಲಿ ಕಟ್ಟಿಸುತ್ತವೆ, ಯಾವ ಊರನ್ನು ದಾಟಿ ಹೋಗುತ್ತವೆ ಅನ್ನೋದು ನನ್ನ ಪ್ರಶ್ನೆ. ಅದಕ್ಕೆ 1993ರ ಕಿಲ್ಲಾರಿ ಭೂಕಂಪವನ್ನು ತಗೊಂಡಿದ್ದೀನಿ.

ಸೆಪ್ಟೆಂಬರ್ 30, ನಸುಕಿನ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ 8,000ದಿಂದ 10,000ದಷ್ಟು ಜನ ಸತ್ತರೆಂದು ಬೇರೆ ಬೇರೆ ಲೆಕ್ಕಗಳು ಹೇಳುತ್ತವೆ. ಈ ಸೀಮೆ ನಮಗೆ ಪರಕೀಯವಲ್ಲ. 1956ರವರೆಗೆ ಉಸ್ಮಾನಾಬಾದ್, ಬೀದರ್, ಗುಲಬರ್ಗಾ ಎಲ್ಲ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಉಮರ್ಗಾದ ಗಡಿ ಹಳ್ಳಿಗಳಲ್ಲಿ ಇವತ್ತಿಗೂ ಕನ್ನಡ ಮನೆಮಾತು. ಆಳಂದ, ಬಸವಕಲ್ಯಾಣ ಪಕ್ಕದಲ್ಲೇ ಇವೆ.

ಮನೆಗಳೂ ಒಂದೇ ನಮೂನೆಯವು. ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅಂಕಣದ ಲೆಕ್ಕದಲ್ಲಿ ನಿಲ್ಲಿಸಿದ ಮರದ ಕಂಬ, ಮೇಲೆ ತೊಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ನಮ್ಮ ಕಡೆ ಮ್ಯಾಳಗಿ ಅಂತಾರೆ, ಮರಾಠಿಯವರು ಮಾಳವದ ಅಂತಾರೆ. ಬೇಸಿಗೆಗೆ ಇದಕ್ಕಿಂತ ತಂಪಾದ ಮನೆ ಇಲ್ಲ. ಆದರೆ ಸೋರದಿರಲಿ ಅಂತ ವರ್ಷ ವರ್ಷ ಮಣ್ಣು ಹೇರ್ತಾ ಹೋದರೆ ಮಾಳಿಗೆ ಭಾರವಾಗುತ್ತದೆ. ಗೋಡೆಯ ಒಳಮುಖ, ಹೊರಮುಖ ಎರಡನ್ನೂ ಹಿಡಿದಿಡುವ ಉದ್ದಗಲ್ಲುಗಳು ಬಹಳ ಕಡೆ ಇರಲಿಲ್ಲ. ನೆಲ ಅಲುಗಿದಾಗ ಗೋಡೆ ಎರಡು ಸಿಪ್ಪೆಯಾಗಿ ಬಿಚ್ಚಿತು, ಮಾಳಿಗೆ ಮಲಗಿದವರ ಮೇಲೆ ಬಿತ್ತು. ಹಳೆಯ ಶಾಲೆಗಳೂ ಇದೇ ಕಲ್ಲು ಮಣ್ಣಿನವು. ನಸುಕಿನಲ್ಲಿ ಅವು ಖಾಲಿ ಇದ್ದವು, ಅಷ್ಟೇ.

ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ಸಾಲದಿಂದ ಪುನರ್ವಸತಿ ಕಾರ್ಯಕ್ರಮ ಹಾಕಿಕೊಂಡಾಗ ಹಳ್ಳಿಗಳನ್ನು ದರ್ಜೆ ಮಾಡಿತು. ಪೂರ್ತಿ ನಾಶವಾದ 52 ಹಳ್ಳಿಗಳಿಗೆ ಹೊಸ ಜಾಗ. ಅದರ ಕೆಳಗಿನವು ಇದ್ದಲ್ಲೇ ಮರುನಿರ್ಮಾಣ. ಮೂರನೆಯದು ಬರೀ ದುರಸ್ತಿ ಮತ್ತು ಬಲವರ್ಧನೆ. ಈ ಮೂರನೆಯದು 13 ಜಿಲ್ಲೆಗಳಲ್ಲಿ ಹರಡಿತ್ತು, ಸೋಲಾಪುರವೂ ಅದರಲ್ಲಿತ್ತು. ದಾನಿಗಳು ಬಂದದ್ದು ಮೊದಲ ದರ್ಜೆಗೆ. ಊರಿಗೆ ಊರನ್ನೇ ದತ್ತು ತಗೊಂಡು ಮನೆ, ಶಾಲೆ, ಸಮಾಜ ಮಂದಿರ ಎಲ್ಲ ಕಟ್ಟಿಸಿದರು. ಬಾಣೇಗಾಂವ್ ಕಟ್ಟಿಸಿದ್ದು ದೂರದ ಕೇರಳದ ಮಲಯಾಳ ಮನೋರಮಾ ಪತ್ರಿಕೆ. ಪುಣೆಯಲ್ಲಿ ಕಟ್ಟಡದ ವ್ಯವಹಾರ ಮಾಡುತ್ತಿದ್ದ ಶಾಂತಿಲಾಲ್ ಮುತ್ಥಾ ಅವರ ಭಾರತೀಯ ಜೈನ ಸಂಘಟನೆ ಇನ್ನೊಂದು ದಾರಿ ಹಿಡಿಯಿತು: 1,200 ಮಕ್ಕಳನ್ನು ಪುಣೆಗೇ ಒಯ್ದು ಓದಿಸಿತು. ಮಕ್ಕಳನ್ನು ಊರಿಂದ ಕಿತ್ತರು ಅಂತ ಟೀಕೆ ಮಾಡೋದು ಸುಲಭ, ಆದರೆ ಮನೆಯೇ ಉಳಿಯದ ಮಗುವಿಗೆ ಊರು ಅಂದರೆ ಏನು? ನನಗಂತೂ ಅದು ದೊಡ್ಡ ಕೆಲಸ ಅನ್ನಿಸುತ್ತದೆ. ಜ್ಞಾನಪ್ರಬೋಧಿನಿ ಹರಾಳಿಯಲ್ಲೇ ವಸತಿ ಶಾಲೆ ಶುರು ಮಾಡಿತು, ಅದು ಇನ್ನೂ ಇದೆ.

ಮನೆ ಕಟ್ಟಿಸಿಕೊಟ್ಟರೆ ನಾಲ್ಕು ವರ್ಷಕ್ಕೆ ಅದು ಒಳಗಿರುವವರದಾಗುತ್ತದೆ, ಮುಂದೆ ಚಪ್ಪರ, ಪಕ್ಕಕ್ಕೆ ದನದ ಕೊಟ್ಟಿಗೆ ಬರುತ್ತದೆ. ಶಾಲೆ ಹಾಗಲ್ಲ, ಅದರ ಮೇಲಿನ ಕಲ್ಲುಹಲಗೆ ಉಳಿಯುತ್ತದೆ. ದಾನಿಗಳಿಗೆ ಶಾಲೆ ಪ್ರಿಯವಾಗೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ. ಆದರೆ ದುರಸ್ತಿಗೆ ಕಲ್ಲುಹಲಗೆ ಯಾರು ಹಾಕ್ತಾರೆ?

ನಮ್ಮ ಸೋದರತ್ತೆ ಆಗ ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ನಾಲ್ಕನೆಯ ತರಗತಿ. ಈ ಪ್ರಬಂಧಕ್ಕಾಗಿ ಆಕೆಯನ್ನ ಕೇಳಿದಾಗ ಹೇಳಿದ್ದು: "ಸಾಲಿ ಬೀಳಲಿಲ್ಲ, ಸೀಳಿತ್ತು. ಒಳಗ ಕುಂದ್ರಬ್ಯಾಡ್ರಿ ಅಂತ ಮಾಸ್ತರು ಬೇವಿನ ಗಿಡದ ಕೆಳಗ ಕೂಡಿಸಿದ್ರು. ಮಳಿ ಬಂದ್ರ ಗುಡಿ." ಒಂದು ಸಲ ಯಾವುದೋ ದಾನಿಗಳ ಗಾಡಿ ಬಂದು ಚೀಲ ಹಂಚಿತಂತೆ. ಒಳಗೆ ಪಾಟಿ, ವಹಿ, ಒಂದು ಮರಾಠಿ ಓದುವ ಪುಸ್ತಕ. "ನಾವು ಅದನ್ನೂ ಓದಿದ್ವಿ, ಬಿಡೋದ್ಯಾಕ" ಅಂತ ನಕ್ಕಳು. ಕೊಟ್ಟವರ ತಪ್ಪು ಅಂತ ಆಕೆ ಅನ್ನಲಿಲ್ಲ, ನಾನೂ ಅನ್ನೋದಿಲ್ಲ. ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಮುದ್ರಿಸುತ್ತದೆ ಅನ್ನೋದು ಎಷ್ಟೋ ಪುಣೆಯವರಿಗೇ ಗೊತ್ತಿರಲಿಕ್ಕಿಲ್ಲ. ದಾನದ ಪಟ್ಟಿಯಲ್ಲಿ ಕೋಣೆ, ಬೆಂಚು, ಚೀಲ ಇರುತ್ತವೆ, ಶಾಲೆ ಯಾವ ಮಾಧ್ಯಮದ್ದು ಅನ್ನೋ ಕಾಲಂ ಇರೋದಿಲ್ಲ. ಆ ಶಾಲೆ ಉಳಿದದ್ದು ಗಿಡದ ಕೆಳಗೂ ಪಾಠ ಬಿಡದ ಕನ್ನಡ ಮಾಸ್ತರರಿಂದ. ಗೋಡೆಗೆ ತೂತು ಕೊರೆದು ಕಾಂಕ್ರೀಟು ತುಂಬಿ ಎರಡೂ ಮುಖ ಬಿಗಿದದ್ದು ಆಮೇಲಿನ ಮಾತು.

1993ರಲ್ಲಿ ಇದೆಲ್ಲ ಮನಸ್ಸಿದ್ದವರ ದಾನ. ಈಗ ಕಾನೂನಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ತೆಗೆದಿಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿ ಮೊದಲಿಂದಲೂ ಇದೆ, ವಿಪತ್ತು ನಿರ್ವಹಣೆ 2019ರಲ್ಲಿ ಸೇರಿತು. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಕಂಪನಿ ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಇದರ ಅರ್ಥ ನಮ್ಮ ಕಡೆ ಏನು ನೋಡಿ. ದಕ್ಷಿಣ ಸೋಲಾಪುರದ ಫತಾಟೆವಾಡಿ, ಆಹೇರವಾಡಿಗಳ ಪಕ್ಕ ಎನ್‌ಟಿಪಿಸಿಯ 1,320 ಮೆಗಾವ್ಯಾಟ್ ಸ್ಥಾವರ ಇದೆ, ಆ ಊರುಗಳಿಗೆ ಕೇಳೋಕೆ ಒಂದು ಬಾಗಿಲಾದರೂ ಇದೆ. ಜತ್ತಿನ ಪೂರ್ವಭಾಗದ, ಅಕ್ಕಲಕೋಟೆಯ ಅಂಚಿನ ಹಳ್ಳಿಗಳು ಯಾವ ಕಾರ್ಖಾನೆಯ ಸ್ಥಳೀಯ ಪ್ರದೇಶ? ಕರ್ನಾಟಕದ ಕಂಪನಿಗೆ ಅವು ಹೊರರಾಜ್ಯ, ಮುಂಬಯಿ ಪುಣೆಯ ಕಂಪನಿಗೆ ದೂರದ ಗಡಿ. ಹೊರಗೆ ಖರ್ಚು ಮಾಡಬಾರದು ಅಂತ ಕಾನೂನು ಹೇಳೋದಿಲ್ಲ, ಆದ್ಯತೆ ಅಂತಷ್ಟೇ ಇದೆ. ಆದರೂ ಕೇಳುವವರಿಲ್ಲದ ಕಡೆ ಆದ್ಯತೆ ತಾನಾಗಿ ಬರೋದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಉಕ್ಕಿ ಸೋಲಾಪುರ ಜಿಲ್ಲೆಯ ಹಳ್ಳಿಗಳಿಗೆ ನುಗ್ಗಿತಲ್ಲ, ಅದಾದಮೇಲೆ ಇದು ಹಳೆಯ ಕಥೆಯಾಗಿ ಉಳಿದಿಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಯಾವುದರ ಗೋಡೆ ಯಾವ ಸ್ಥಿತಿಯಲ್ಲಿದೆ, ಮಂಜೂರಾದ ಮಾಸ್ತರರೆಷ್ಟು, ಇರುವವರೆಷ್ಟು ಅಂತ ಊರುವಾರು ಪಟ್ಟಿ ಮಾಡೋದಕ್ಕೆ ಅಕ್ಕಲಕೋಟೆಯಿಂದ ಶುರು ಮಾಡಿದ್ದೀನಿ. ಜತ್ತಿನ ಕಡೆಯ ಗೆಳೆಯರು ಯಾರಾದರೂ ಈ ಗೋಷ್ಠಿಯಲ್ಲಿದ್ದರೆ ದಯವಿಟ್ಟು ಜೊತೆಗೂಡಿ. ಈಗ ಪ್ರಶ್ನೆ ಕೇಳಬಹುದು, ಸರ್.